ಪ್ಲೇಸ್ಕೂಲ್ ಅಂದರೆ ಅಳುವ ಮಗಳು: ಕಥೆ ಹೇಳಿದರೆ ಭಯ ಹೋಗುತ್ತದಾ?

ಪುಟ್ಟಿ ಅಮ್ಮ, ತುಮಕೂರು
ಎಲ್ಲರಿಗೂ ನಮಸ್ಕಾರ. ಮಗಳಿಗೆ 3 ವರ್ಷ 4 ತಿಂಗಳು. ಜೂನ್ ಮೊದಲ ವಾರ ಮನೆ ಹತ್ತಿರದ ಪ್ಲೇಸ್ಕೂಲಿಗೆ ಹಾಕಿದೆವು. ಮೊದಲ ದಿನ ಬಲೂನು, ಟೋಪಿ, ಚಾಕ್ಲೇಟು ಅಂತ ಕುಣಿದುಕೊಂಡು ಹೋದಳು. ಎರಡನೇ ದಿನದಿಂದ ಶುರುವಾಯಿತು ನೋಡಿ. ಈಗ ಬೆಳಿಗ್ಗೆ ಯೂನಿಫಾರ್ಮ್ ಕೈಗೆತ್ತಿಕೊಂಡರೆ ಸಾಕು, ವಾಷಿಂಗ್ ಮೆಷಿನ್ ಸಂದಿಗೆ ಹೋಗಿ ಕೂತುಬಿಡುತ್ತಾಳೆ. ಹೊಟ್ಟೆ ನೋವು ಅನ್ನುತ್ತಾಳೆ. ಭಾನುವಾರ ಮಾತ್ರ ಹೊಟ್ಟೆ ನೋವು ಇರುವುದಿಲ್ಲ.

ಕಥೆ ಹೇಳಿ, ಭಯ ಹೋಗುತ್ತದೆ ಎಂದು ಆಫೀಸಿನಲ್ಲಿ ಒಬ್ಬರು ಹೇಳಿದರು. ಸ್ಕೂಲಿಗೆ ಹೋಗುವ ಮಕ್ಕಳ ಕಥೆಪುಸ್ತಕ ಮೂರು ತರಿಸಿದೆ. ಒಂದರಲ್ಲಿ ಮೊಲ, ಒಂದರಲ್ಲಿ ಕರಡಿ, ಇನ್ನೊಂದರಲ್ಲಿ ಹಳದಿ ಬಸ್ಸು ಹತ್ತುವ ಹುಡುಗ. ಎಲ್ಲರೂ ಮೊದಲು ಅಳುತ್ತಾರೆ, ಆಮೇಲೆ ಫ್ರೆಂಡ್ಸ್ ಸಿಗುತ್ತಾರೆ, ಕೊನೆಗೆ ನಗುತ್ತಾರೆ. ಪುಟ್ಟಿ ಪೂರ್ತಿ ಕೇಳಿದಳು. ಪುಸ್ತಕ ಮುಚ್ಚಿದ ಮೇಲೆ ಅವಳ ತೀರ್ಪು: "ಆ ಮೊಲ ಹೋಗ್ಲಿ. ನಾನು ಮನೇಲಿ ಇರ್ತೀನಿ."

ಇವತ್ತಿಗೆ ಒಂಬತ್ತು ದಿನ. ನಮ್ಮ ಅತ್ತೆ "ಒಂದು ವಾರ ಅತ್ತು ಸುಮ್ಮನಾಗ್ತಾಳೆ ಬಿಡು" ಎಂದಿದ್ದರು, ಆ ವಾರವೂ ಮುಗಿಯಿತು. ನಿಜವಾಗಿಯೂ ಕಥೆಯಿಂದ ಏನಾದರೂ ಆಗುತ್ತದಾ? ಆಗುವುದಾದರೆ ಎಂಥ ಕಥೆ? ನನಗೆ ಕಥೆ ಹೇಳಲು ಬರುವುದಿಲ್ಲ. ನಮ್ಮ ಯಜಮಾನರಿಗೆ ಕ್ರಿಕೆಟ್ ಸ್ಕೋರ್ ಬಿಟ್ಟು ಬೇರೇನೂ ಹೇಳಲು ಬರುವುದಿಲ್ಲ.

ಕೊಬ್ಬರಿ ಮಿಠಾಯಿ, ತಿಪಟೂರು
ಮೊಲದ ಬಗ್ಗೆ ನಿಮ್ಮ ಮಗಳು ಹೇಳಿದ್ದು ಸರಿಯಾಗಿಯೇ ಇದೆ. 😄

ಮುಂಗಾರು ರಾಗಿ, ಶಿರಾ
ನಾವೆಲ್ಲ ಕಥೆ ಕೇಳಿಕೊಂಡಾ ಸ್ಕೂಲಿಗೆ ಹೋಗಿದ್ದು? ನಾನು ಒಂದನೇ ಕ್ಲಾಸಿನಲ್ಲಿ ಹುಲ್ಲಿನ ಬಣವೆ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ಮೇಷ್ಟ್ರು ನಾಲ್ಕನೇ ಕ್ಲಾಸಿನ ನಾಲ್ಕು ಹುಡುಗರನ್ನು ಕಳಿಸಿದರು. ಎರಡು ಕೈ ಇಬ್ಬರು, ಎರಡು ಕಾಲು ಇಬ್ಬರು. ಊರಿನ ಮಧ್ಯೆ ಹಂದಿ ಹೊತ್ತ ಹಾಗೆ ಹೊತ್ತುಕೊಂಡು ಹೋದರು. ಮಾರನೇ ದಿನದಿಂದ ನಾನೇ ನಡೆದುಕೊಂಡು ಹೋದೆ. ಈಗಿನವರದು ಎಲ್ಲಾ ಅತಿ.

ಪಿನಾಕಿನಿ, ಗೌರಿಬಿದನೂರು
@ಮುಂಗಾರು ರಾಗಿ ಸರ್, ಯಾವ ಕೈ ಯಾರು ಹಿಡಿದಿದ್ದರು ಅಂತ ಇಷ್ಟು ವರ್ಷ ಆದ ಮೇಲೂ ನೆನಪಿದೆ ಅಲ್ವಾ ನಿಮಗೆ. ಅಷ್ಟೇ ನಾನು ಹೇಳುವುದು.

ಮುಂಗಾರು ರಾಗಿ, ಶಿರಾ
ನೆನಪಿದೆ. ಬಲಗಾಲು ಹಿಡಿದವನು ಈಗ ನಮ್ಮ ಬೀಗರು.

ಹುಣಸೆಹಣ್ಣು
😂😂 ಇದನ್ನೇ ಒಂದು ಕಥೆ ಮಾಡಿ ಹೇಳಬಹುದು.

ದ್ರಾಕ್ಷಿ ತೋಟ, ಚಿಕ್ಕಬಳ್ಳಾಪುರ
3 ವರ್ಷಕ್ಕೇ ಯಾಕೆ ಕಳಿಸಬೇಕು ಅನ್ನುವುದು ನನ್ನ ಮೊದಲ ಪ್ರಶ್ನೆ. ಒಂದನೇ ಕ್ಲಾಸಿಗೆ 6 ವರ್ಷ ಆಗಿರಬೇಕು ಅಂತ ನಿಯಮ ಇದೆ. 2025ರಲ್ಲಿ ಗಲಾಟೆ ಆಗಿ, ಆ ಒಂದು ವರ್ಷಕ್ಕೆ ಮಾತ್ರ 5 ವರ್ಷ 5 ತಿಂಗಳಿಗೆ ಇಳಿಸಿದರು. ಅಂದರೆ ಪುಟ್ಟಿಗೆ ಇನ್ನೂ ಎರಡೂವರೆ ವರ್ಷಕ್ಕಿಂತ ಜಾಸ್ತಿ ಟೈಮ್ ಇದೆ.

ಪುಟ್ಟಿ ಅಮ್ಮ, ತುಮಕೂರು
ಮೇಡಂ, ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಅತ್ತೆಗೆ ಮಂಡಿ ನೋವು, ಇವಳ ಹಿಂದೆ ಓಡಲು ಆಗುವುದಿಲ್ಲ. ಕಳಿಸಬೇಕಾ ಬೇಡವಾ ಅನ್ನುವ ಚರ್ಚೆ ನಮ್ಮ ಮನೆಯಲ್ಲಿ ಮುಗಿದಿದೆ. ಅದನ್ನು ಇಲ್ಲಿ ಮತ್ತೆ ಶುರು ಮಾಡಬೇಡಿ, ಪ್ಲೀಸ್.

ದ್ರಾಕ್ಷಿ ತೋಟ, ಚಿಕ್ಕಬಳ್ಳಾಪುರ
ಸರಿ ಸರಿ, ತಪ್ಪಾಯಿತು.

ರೈಲ್ವೆ ಗೇಟ್ ಅಪ್ಪ, ಕ್ಯಾತ್ಸಂದ್ರ
ನಾನೊಂದು ಅನುಭವ ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ನನ್ನ ಮಗನ ಸಮಸ್ಯೆ ಸ್ಕೂಲ್ ಅಲ್ಲ, ಟೈಮು. "ಅಮ್ಮ 12 ಗಂಟೆಗೆ ಬರ್ತಾಳೆ" ಅಂದರೆ ಮೂರು ವರ್ಷದವನಿಗೆ ಏನು ಗೊತ್ತಾಗುತ್ತದೆ? 12 ಗಂಟೆ ಅಂದರೂ ಒಂದೇ, ಮುಂದಿನ ದೀಪಾವಳಿ ಅಂದರೂ ಒಂದೇ. ಅಮ್ಮ ಬಿಟ್ಟು ಹೋದಳು, ಅಷ್ಟೇ ಅವನಿಗೆ ಗೊತ್ತಿದ್ದದ್ದು. ಅದಕ್ಕೆ ರಾತ್ರಿ ಮಲಗುವಾಗ ಒಂದು ಕಥೆ ಕಟ್ಟಿದೆ. ಚಿಂಟು ಅಂತ ಒಂದು ಮೇಕೆ ಮರಿ. ಸ್ಕೂಲಿಗೆ ಹೋಯಿತು. ಚಪ್ಪಲಿ ಬಿಚ್ಚಿತು. ಹಾಡು ಹೇಳಿತು. ಡಬ್ಬಿ ತೆಗೆದು ಚಪಾತಿ ತಿಂದಿತು. ಮರಳಲ್ಲಿ ಆಡಿತು. ಆಮೇಲೆ ರೈಲು "ಕೂ" ಅಂತು. ರೈಲು ಕೂಗಿದ ತಕ್ಷಣ ಮೇಕೆ ಅಮ್ಮ ಗೇಟಲ್ಲಿ ನಿಂತಿತ್ತು. ಇಷ್ಟೇ ಕಥೆ. ನೀತಿ ಗೀತಿ ಏನೂ ಇಲ್ಲ. ಅವನ ಸ್ಕೂಲಿಗೆ ರೈಲಿನ ಸದ್ದು ಚೆನ್ನಾಗಿ ಕೇಳಿಸುತ್ತದೆ, ಮನೆಗೆ ಬಿಡುವ ಹೊತ್ತಿಗೆ ಸರಿಯಾಗಿ ಒಂದು ರೈಲು ಹೋಗುತ್ತಿತ್ತು.

ನಾಲ್ಕೇ ದಿನಕ್ಕೆ ಅಳು ನಿಂತಿತು. ಡಬ್ಬಿ ಆಯ್ತಾ, ಮರಳು ಆಯ್ತಾ, ಇನ್ನು ರೈಲು ಅಂತ ಅವನೇ ಲೆಕ್ಕ ಹಾಕುತ್ತಿದ್ದನಂತೆ, ಮಿಸ್ ಹೇಳಿದರು. ನಾನು ಆಫೀಸಿನಲ್ಲಿ ಎಲ್ಲರ ಹತ್ತಿರ ಕೊಚ್ಚಿಕೊಂಡೆ.

ಆರನೇ ದಿನ ರೈಲು ಲೇಟು.

ಹೆಂಡತಿ ಸರಿಯಾದ ಟೈಮಿಗೇ ಗೇಟಿಗೆ ಹೋಗಿದ್ದಾಳೆ. ಇವನು ಬರಲು ಒಪ್ಪುತ್ತಿಲ್ಲ! "ಇನ್ನೂ ರೈಲು ಕೂಗಿಲ್ಲ, ನೀನು ಯಾಕ್ ಬಂದೆ" ಅಂತ ಜಗಳ. ನಲವತ್ತು ನಿಮಿಷ ಇಬ್ಬರೂ ಸ್ಕೂಲ್ ಮೆಟ್ಟಿಲ ಮೇಲೆ ಕೂತಿದ್ದರು. ರೈಲು ಕೂಗಿದ ಮೇಲೆ ಎದ್ದು ಬಂದ.

ಹುಣಸೆಹಣ್ಣು
ನಮ್ಮ ಕಡೆ ರೈಲಿನ ಮೇಲೆ ನಂಬಿಕೆ ಇಟ್ಟ ಮೊದಲ ಮನುಷ್ಯ.

ಕೊಬ್ಬರಿ ಮಿಠಾಯಿ, ತಿಪಟೂರು
ಕ್ಯಾತ್ಸಂದ್ರ ಅಂದ್ರಲ್ಲ, ಈಗ ತಟ್ಟೆ ಇಡ್ಲಿ ಎಲ್ಲಿ ಚೆನ್ನಾಗಿದೆ? ಸುಮ್ನೆ ಕೇಳಿದೆ.

ಅಂತರಗಂಗೆ, ಕೋಲಾರ
ನಮ್ಮ ಮನೆಯಲ್ಲಿ ಪುಣ್ಯಕೋಟಿ ಕಥೆ ಹೇಳುತ್ತಿದ್ದೆವು. ಹಸು ಮಾತು ಕೊಟ್ಟಿತು, ಮಾತಿನಂತೆ ನಡೆಯಿತು. ಅಮ್ಮ ಬರುತ್ತೇನೆ ಅಂದರೆ ಬಂದೇ ಬರುತ್ತಾಳೆ ಎಂದು ಮಗುವಿಗೆ ಅರ್ಥವಾಗುತ್ತದೆ. ಇದಕ್ಕಿಂತ ಒಳ್ಳೆ ಕಥೆ ಕನ್ನಡದಲ್ಲಿ ಯಾವುದಿದೆ?

ಪಿನಾಕಿನಿ, ಗೌರಿಬಿದನೂರು
ಅಯ್ಯೋ, ಬೇಡವೇ ಬೇಡ! ಸ್ವಲ್ಪ ಕರುವಿನ ಕಡೆಯಿಂದ ಯೋಚನೆ ಮಾಡಿ. ಅಮ್ಮ ಒಂದು ಸಲ ಬಂದು ಹಾಲು ಕುಡಿಸಿ, "ಇನ್ನು ಚಿಕ್ಕಮ್ಮ ದೊಡ್ಡಮ್ಮಂದಿರ ಜೊತೆ ಇರು" ಅಂತ ಹೇಳಿ ಹುಲಿ ಬಾಯಿಗೆ ಹೊರಡುತ್ತಾಳೆ. ಹಸು ಮಾತು ಉಳಿಸಿಕೊಂಡದ್ದು ಹುಲಿಯ ಹತ್ತಿರ ಕಣ್ರೀ, ಕರುವಿನ ಹತ್ತಿರ ಅಲ್ಲ. ನನ್ನ ತಂಗಿ ಮಗಳು ಈ ಕಥೆ ಕೇಳಿದ ಮೇಲೆ ಅಮ್ಮ ಆಫೀಸಿಗೆ ಹೊರಟಾಗಲೆಲ್ಲ "ಹುಲಿ ಹತ್ರ ಹೋಗ್ತೀಯಾ?" ಅಂತ ಕೇಳುತ್ತಿದ್ದಳು.

ಅಂತರಗಂಗೆ, ಕೋಲಾರ
ಆದರೆ ಕೊನೆಗೆ ಹುಲಿಯೇ ಸಾಯುತ್ತದೆ, ಹಸು ವಾಪಸ್ ಬರುತ್ತದೆ ಅಲ್ವಾ?

ಪಿನಾಕಿನಿ, ಗೌರಿಬಿದನೂರು
ಅಲ್ಲಿಯವರೆಗೆ ಮೂರು ವರ್ಷದ ಮಗು ತಡೆದುಕೊಳ್ಳಬೇಕಲ್ಲ. ಆರೇಳು ವರ್ಷಕ್ಕೆ ಹೇಳಿ, ಚೆನ್ನಾಗಿ ಅತ್ತು ಚೆನ್ನಾಗಿ ಕಲಿಯುತ್ತವೆ. ಸ್ಕೂಲ್ ಬಾಗಿಲಲ್ಲಿ ಬೇಡ.

ಅಂತರಗಂಗೆ, ಕೋಲಾರ
ಈ ದಿಕ್ಕಿನಿಂದ ನಾನು ಯೋಚಿಸಿಯೇ ಇರಲಿಲ್ಲ. ಕರುವಿನ ವಿಷಯ ಒಪ್ಪಿದೆ.

ಕಲ್ಲುಕುಟಿಗ, ಗೂಳೂರು
ನಮ್ಮೂರ ಪಕ್ಕದ ಕೈದಾಳದ ಜಕಣಾಚಾರಿ ಕಥೆ ಹೇಳಬಹುದು. ಲೋಕಲ್ ಕಥೆ, ಶಿಲ್ಪಿ, ಕಪ್ಪೆ, ದೇವಸ್ಥಾನ ಎಲ್ಲಾ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಚೆನ್ನಕೇಶವನನ್ನೂ ತೋರಿಸಬಹುದು.

ಪಿನಾಕಿನಿ, ಗೌರಿಬಿದನೂರು
ಅಪ್ಪ ಮನೆ ಬಿಟ್ಟು ಹೋಗಿ, ಮಗ ಬೆಳೆದು ದೊಡ್ಡವನಾಗಿ ಹುಡುಕಿಕೊಂಡು ಹೋಗುವ ಕಥೆ ಅದು! "ಅಪ್ಪ ಸಾಯಂಕಾಲ ಬರ್ತಾರೆ" ಅಂತ ನಂಬಿಸಬೇಕಾದ ಮಗುವಿಗೆ ಇದೇನಾ ಹೇಳುವುದು?

ಕಲ್ಲುಕುಟಿಗ, ಗೂಳೂರು
ನಿಮ್ಮ ಹತ್ತಿರ ಕಥೆ ಹೇಳುವುದೇ ಕಷ್ಟ ಮೇಡಂ. 🙏

ಟೀಚರಮ್ಮ, ಮಧುಗಿರಿ
ನಾನು ಅಂಗನವಾಡಿ ಕಾರ್ಯಕರ್ತೆ. 19 ವರ್ಷದಿಂದ ಪ್ರತಿ ಜೂನ್‌ನಲ್ಲಿ ಈ ಅಳು ಕೇಳುತ್ತಿದ್ದೇನೆ. ಪುಟ್ಟಿ ಅಮ್ಮನವರೇ, ಮೊದಲು ಒಂದು ವಿಷಯ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪುಸ್ತಕ ತರಿಸುವ ಮುಂಚೆ ಮನೆಯಲ್ಲಿ ಸ್ಕೂಲಿನ ಬಗ್ಗೆ ಯಾವ ಕಥೆ ಹೇಳಿದ್ದೀರಿ?

ಯಾಕೆ ಕೇಳಿದೆ ಅಂದರೆ, ಎಲ್ಲಾ ಮನೆಯಲ್ಲೂ ಒಂದು ಕಥೆ ಆಗಲೇ ಹೇಳಿ ಆಗಿರುತ್ತದೆ. "ಊಟ ಮಾಡದಿದ್ರೆ ಸ್ಕೂಲಿಗೆ ಹಾಕ್ಬಿಡ್ತೀನಿ." "ಹಠ ಮಾಡು ನೋಡು, ಮಿಸ್‌ಗೆ ಹೇಳ್ತೀನಿ, ಕೋಲು ತರ್ತಾರೆ." ಎರಡು ವರ್ಷ ಇದನ್ನೇ ಕೇಳಿದ ಮಗುವಿಗೆ ಜೂನ್ ಒಂದನೇ ತಾರೀಕು ಹೊಸ ಬ್ಯಾಗು ಹಾಕಿ, "ಸ್ಕೂಲು ತುಂಬಾ ಚೆನ್ನಾಗಿರುತ್ತೆ ಕಂದಾ" ಅಂದರೆ ಅದು ಯಾವುದನ್ನು ನಂಬಬೇಕು? ಮೊದಲಿನ ಕಾಲದಲ್ಲಿ ಗುಮ್ಮ ಇದ್ದ. ಈಗ ಗುಮ್ಮನ ಕೆಲಸ ನಮ್ಮ ತಲೆಗೆ ಕಟ್ಟಿದ್ದಾರೆ. ನನ್ನನ್ನು ಮೊದಲ ಸಲ ನೋಡಿದ ಕೂಡಲೇ ನನ್ನ ಕೈ ನೋಡುವ ಮಕ್ಕಳಿದ್ದಾರೆ. ಕೋಲು ಇದೆಯಾ ಅಂತ.

ನಾನು ಮಾಡುವುದು ಇಷ್ಟು. ಮೊದಲ ವಾರ ಹೊಸ ಮಕ್ಕಳ ಚಾಪೆ ಬಾಗಿಲ ಹತ್ತಿರವೇ ಹಾಕುತ್ತೇನೆ. ಬಾಗಿಲು ಕಾಣುತ್ತಿದ್ದರೆ ಅವಕ್ಕೆ ಅರ್ಧ ಧೈರ್ಯ. ದಿನಾ ಒಂದಿಷ್ಟು ಚಾಪೆ ಒಳಗೆ ಸರಿಸುತ್ತೇನೆ. ಕಥೆ ಪುಸ್ತಕದಿಂದ ಓದುವುದಿಲ್ಲ. ಹಳೆ ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದು ಒಂದು ಇಲಿ ಮಾಡಿದ್ದೇನೆ. ಆ ಇಲಿಗೂ ಅಂಗನವಾಡಿ ಅಂದರೆ ಭಯ. ದಿನಾ ಬೆಳಿಗ್ಗೆ ನನ್ನ ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಅಳುತ್ತದೆ. ನಾನು ಸಮಾಧಾನ ಮಾಡುವುದಿಲ್ಲ, "ಇದಕ್ಕೆ ಏನಾಯ್ತು ಗೊತ್ತಾಗ್ತಿಲ್ಲ, ಯಾರಾದ್ರೂ ಕೇಳ್ರಪ್ಪಾ" ಅನ್ನುತ್ತೇನೆ. ಅಳುತ್ತಿದ್ದ ಮಕ್ಕಳೇ ಎದ್ದು ಬಂದು ಕೇಳುತ್ತವೆ. ಹೋದ ವರ್ಷ ಒಬ್ಬ ಹುಡುಗ, ತನ್ನ ಮೂಗಿನ ಸಿಂಬಳ ಇನ್ನೂ ಒರೆಸಿಕೊಂಡಿಲ್ಲ, ಇಲಿಗೆ ಹೇಳುತ್ತಿದ್ದಾನೆ: "ಅಳ್ಬೇಡ. ಮೊಟ್ಟೆ ಕೊಡ್ತಾರೆ. ಆಮೇಲೆ ನಿಮ್ಮಮ್ಮ ಬರ್ತಾಳೆ."

ಕಥೆ ಕೇಳಿದರೆ ಭಯ ಕಮ್ಮಿಯಾಗುತ್ತದೋ ಇಲ್ಲವೋ, ನಾನು ಹೇಳಲಾರೆ. ಆದರೆ ಮಗು ತಾನೇ ಕಥೆ ಹೇಳಲು ಶುರು ಮಾಡಿದರೆ ಮಾತ್ರ ನನಗೆ ನಿರಾಳ. ನಿಮ್ಮ ಮಗಳ ಹತ್ತಿರ ಆ ಮೊಲದ ಕಥೆಯನ್ನು ಅವಳ ಬಾಯಲ್ಲೇ ಹೇಳಿಸಿ ನೋಡಿ. ಎಲ್ಲಿ ತಡವರಿಸುತ್ತಾಳೆ, ಎಲ್ಲಿ ಸುಮ್ಮನಾಗುತ್ತಾಳೆ ಗಮನಿಸಿ. ಅಲ್ಲೇ ಏನೋ ಇರುತ್ತದೆ.

ರೈಲ್ವೆ ಗೇಟ್ ಅಪ್ಪ, ಕ್ಯಾತ್ಸಂದ್ರ
ಟೀಚರಮ್ಮ, ಆ ಇಲಿಯ ಫೋಟೋ ಹಾಕಿ ಪ್ಲೀಸ್.

ಟೀಚರಮ್ಮ, ಮಧುಗಿರಿ
ಒಗೆಯಲು ಹಾಕಿದ್ದೇನೆ. ಅನ್ನ ಸಾಂಬಾರ್ ತಿನ್ನಿಸಿದ್ದಾರೆ ಅದಕ್ಕೆ.

ದುಡ್ಡಿನ ಗಿಡ
ಅಂಗನವಾಡಿ ಅಂದರೆ ಹೋಗಿ ಉಪ್ಪಿಟ್ಟು ತಿಂದು ಬರುವ ಜಾಗ ಅಂದುಕೊಂಡಿದ್ದೆ. ಅಲ್ಲಿ ಇಷ್ಟೆಲ್ಲ ಮಾಡುತ್ತಾರಾ?

ಟೀಚರಮ್ಮ, ಮಧುಗಿರಿ
ಒಂದು ದಿನ ಬಂದು ನೋಡಿ ಸರ್. ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ಕ್ಕೆ, ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಐವತ್ತು ವರ್ಷದಿಂದ 3ರಿಂದ 6 ವರ್ಷದ ಮಕ್ಕಳಿಗೆ ಆಟ, ಹಾಡು, ಕಥೆ ಹೇಳುತ್ತಲೇ ಇದ್ದೇವೆ. ಉಪ್ಪಿಟ್ಟೂ ಕೊಡುತ್ತೇವೆ, ತೂಕವನ್ನೂ ನೋಡುತ್ತೇವೆ, ಮೊಬೈಲಿನಲ್ಲಿ ಎಂಟ್ರಿಯನ್ನೂ ಮಾಡುತ್ತೇವೆ. ನೆಟ್‌ವರ್ಕ್ ಸಿಕ್ಕರೆ.

ದುಡ್ಡಿನ ಗಿಡ
ಕ್ಷಮಿಸಿ ಮೇಡಂ. ಗೊತ್ತಿರಲಿಲ್ಲ.

ನಿವೃತ್ತ ಮೇಷ್ಟ್ರು, ಗುಬ್ಬಿ
ಟೀಚರಮ್ಮನವರ ಮಾತು ಓದಿ ಗಿಜುಭಾಯಿ ಬಧೇಕಾ ನೆನಪಾದರು. ಗುಜರಾತಿನವರು, ವಕೀಲರಾಗಿದ್ದರು. ತಮಗೆ ಮಗ ಹುಟ್ಟಿದ ಮೇಲೆ ಮಕ್ಕಳ ಓದಿನ ಕಡೆ ತಿರುಗಿ, ವಕೀಲಿಕೆ ಬಿಟ್ಟರು. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಅಂತ ಪುಟ್ಟ ಮಕ್ಕಳ ಶಾಲೆ ಶುರು ಮಾಡಿದರು. ಹೊಡೆತ ಇಲ್ಲ, ಬೆದರಿಕೆ ಇಲ್ಲ, ಕಥೆ ಜಾಸ್ತಿ. ಅವರಿಗೆ ದೊಡ್ಡ ಮೀಸೆ ಇತ್ತು. ಜನ ಪ್ರೀತಿಯಿಂದ "ಮೂಛಾಳಿ ಮಾ" ಎಂದು ಕರೆಯುತ್ತಿದ್ದರು, ಅಂದರೆ ಮೀಸೆ ಇರುವ ಅಮ್ಮ. ನೂರು ವರ್ಷದ ಹಿಂದೆ ಗಂಡಸೊಬ್ಬ ಕೂತು ಪುಟ್ಟ ಮಕ್ಕಳಿಗೆ ಕಥೆ ಹೇಳುತ್ತಿದ್ದ ಅಂದ ಮೇಲೆ, ಪುಟ್ಟಿಯ ತಂದೆಯವರೂ ಕ್ರಿಕೆಟ್ ಬಿಟ್ಟು ಸ್ವಲ್ಪ ಪ್ರಯತ್ನ ಮಾಡಬಹುದು.

ನಾನು ಸ್ವತಃ ಮೇಷ್ಟ್ರಾಗಿ ಒಳ್ಳೆಯವನಾಗಿರಲಿಲ್ಲ ಅಂತಲೂ ಹೇಳಿಬಿಡುತ್ತೇನೆ. @ಮುಂಗಾರು ರಾಗಿಯವರ ಥರ ಹುಡುಗರನ್ನು ಹೊತ್ತು ತರಿಸಿದ್ದೇನೆ. ಆಗ ಅದೇ ಸರಿ ಅನ್ನಿಸಿತ್ತು.

ಮುಂಗಾರು ರಾಗಿ, ಶಿರಾ
ಮೇಷ್ಟ್ರೇ, ನೀವು ಶಿರಾ ಕಡೆ ಕೆಲಸ ಮಾಡಿದ್ದಿರಾ? 🤨

ನಿವೃತ್ತ ಮೇಷ್ಟ್ರು, ಗುಬ್ಬಿ
ಇಲ್ಲ ಇಲ್ಲ. ಗುಬ್ಬಿ, ತುರುವೇಕೆರೆ ಅಷ್ಟೇ.

ಬಾಗೇಪಲ್ಲಿ ಬಿಸಿಲು
ನನ್ನದೂ ಒಂದು ಕೇಳಿ. ನಮ್ಮ ಮನೆಯಲ್ಲಿ ತೆಲುಗು. ಮಗನನ್ನು ಹಾಕಿದ್ದ ಸ್ಕೂಲಿನಲ್ಲಿ ಮಿಸ್ ಬೇರೆ ಊರಿನವರು, ಕನ್ನಡ ಮತ್ತು ಇಂಗ್ಲಿಷ್ ಮಾತ್ರ. ಇವನು ಅಳುತ್ತಿರಲಿಲ್ಲ. ಸುಮ್ಮನೆ ಹೋಗುತ್ತಿದ್ದ, ಸುಮ್ಮನೆ ಬರುತ್ತಿದ್ದ. ಒಳ್ಳೆ ಹುಡುಗ ಅಂತ ಎಲ್ಲರೂ ಹೊಗಳಿದರು. ನನಗೆ ಅನುಮಾನ ಬಂದದ್ದು ನೀರಿನ ಬಾಟಲಿಯಿಂದ. ಬೆಳಿಗ್ಗೆ ತುಂಬಿಸಿ ಕೊಟ್ಟ ಬಾಟಲಿ ಮಧ್ಯಾಹ್ನ ಹಾಗೇ ತುಂಬಿಕೊಂಡು ವಾಪಸ್ ಬರುತ್ತಿತ್ತು. ಮನೆಗೆ ಬಂದವನೇ ಚೊಂಬುಗಟ್ಟಲೆ "ನೀಳ್ಳು" ಕುಡಿಯುತ್ತಿದ್ದ.

ಎರಡು ವಾರ ಆದ ಮೇಲೆ ಗೊತ್ತಾಯಿತು. ಟಾಯ್ಲೆಟ್‌ಗೆ ಹೋಗಬೇಕಾದರೆ ಇಂಗ್ಲಿಷಿನಲ್ಲಿ ಕೇಳಬೇಕು ಅಂತ ಹೇಳಿಕೊಟ್ಟಿದ್ದರಂತೆ. ಅಷ್ಟುದ್ದ ವಾಕ್ಯ ಇವನಿಗೆ ಬಾಯಿಗೆ ಬರಲ್ಲ. ತಪ್ಪು ಹೇಳಿದರೆ ಎಲ್ಲರೂ ನಗುತ್ತಾರೆ. ಅದಕ್ಕೆ ನೀರೇ ಕುಡಿಯುತ್ತಿರಲಿಲ್ಲ. ನಾಲ್ಕು ವರ್ಷ ತುಂಬದ ಮಗು ಇಷ್ಟು ದೊಡ್ಡ ಪ್ಲಾನ್ ಮಾಡಿದೆ ನೋಡಿ.

ಆ ರಾತ್ರಿ ತಲೆಗೆ ಬಂದ ಕಥೆ ಹೇಳಿದೆ, ತೆಲುಗಿನಲ್ಲೇ. ನಂದಿಬೆಟ್ಟದ ಮೇಲೆ ಒಂದು ಆನೆ ಮರಿ ಸ್ಕೂಲಿಗೆ ಹೋಗುತ್ತಿತ್ತು. ಉಚ್ಚೆ ಬಂದರೂ ನಾಚಿಕೆಯಿಂದ ಕೇಳುತ್ತಿರಲಿಲ್ಲ. ಸೋಮವಾರ ತಡೆದುಕೊಂಡಿತು, ಮಂಗಳವಾರ ತಡೆದುಕೊಂಡಿತು, ಹೊಟ್ಟೆ ಗುಡಾಣದಷ್ಟಾಯಿತು. ಶನಿವಾರ ಒಂದೇ ಒಂದು ಸೀನು ಬಂತು. ಅಷ್ಟೇ! ಬೆಟ್ಟದಿಂದ ಧೋ ಅಂತ ಇಳಿದು ಚಿತ್ರಾವತಿ ಹೊಳೆ ತುಂಬಿ ಹರಿಯಿತು, ಬಾಗೇಪಲ್ಲಿಯವರೆಲ್ಲ ಕೊಡೆ ಹಿಡಿದುಕೊಂಡು ಓಡಿದರು. ನನ್ನ ಮಗ ನಕ್ಕೂ ನಕ್ಕೂ ಮಂಚದಿಂದ ಬಿದ್ದ. ಆಮೇಲೆ ಬೆರಳು ತೋರಿಸಿದರೆ ಸಾಕು, ಮಾತು ಬೇಡ ಅಂತ ಮಿಸ್ ಹತ್ತಿರ ಮಾತಾಡಿ ಒಪ್ಪಿಸಿದೆ. ಈಗ ಕಿರುಬೆರಳು ಎತ್ತುವುದಕ್ಕೆ ಅವನು ಇಟ್ಟ ಹೆಸರು "ಏನುಗು", ಅಂದರೆ ಆನೆ. ಬಾಟಲಿ ಖಾಲಿ ಬರುತ್ತಿದೆ.

ಸನಾತನಿ_ಸಂದೇಶ
ಚಿತ್ರಾವತಿ ಪುಣ್ಯ ನದಿ. ನಂದಿ ಬೆಟ್ಟ ಶಿವನ ಸನ್ನಿಧಿ. ಮಕ್ಕಳಿಗೆ ಇಂಥ ಕಥೆ ಹೇಳಿ ಏನು ಸಂಸ್ಕಾರ ಕೊಡುತ್ತಿದ್ದೀರಿ?

ಬಾಗೇಪಲ್ಲಿ ಬಿಸಿಲು
ಸರ್, ನಮ್ಮೂರ ಹೊಳೆಯಲ್ಲಿ ನೀರು ನೋಡುವುದೇ ಅಪರೂಪ. ಆನೆಯಿಂದಲಾದರೂ ಬರಲಿ ಬಿಡಿ.

ಹುಣಸೆಹಣ್ಣು
ಈ ವರ್ಷದ ಅತ್ಯುತ್ತಮ ಉತ್ತರ.

ಅಂತರಗಂಗೆ, ಕೋಲಾರ
ಭಾಷೆಯ ವಿಷಯ ನಮ್ಮ ಕೋಲಾರದಲ್ಲೂ ಇದೆ. ನನ್ನ ಪಕ್ಕದ ಮನೆಯವರು ಕೆಜಿಎಫ್‌ನಿಂದ ಬಂದವರು, ಮನೆಯಲ್ಲಿ ತಮಿಳು. ನಮ್ಮದು ತೆಲುಗು. ಸ್ಕೂಲಿನಲ್ಲಿ ಕನ್ನಡ. ಬೋರ್ಡಿನ ಮೇಲೆ ಇಂಗ್ಲಿಷ್. ಮೂರು ವರ್ಷದ ಮಗು ಬೆಪ್ಪಾಗದೆ ಇನ್ನೇನು? ಮೊದಲ ಕಥೆ ಮಾತ್ರ ಮನೆ ಮಾತಿನಲ್ಲೇ ಇರಲಿ. ಸ್ಟೋರಿವೀವರ್ ಅಂತ ಒಂದು ಜಾಲತಾಣ ಇದೆ, ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು. ಕನ್ನಡ, ತೆಲುಗು, ತಮಿಳು ಎಲ್ಲದರಲ್ಲೂ ಚಿತ್ರಕಥೆಗಳು ಪುಕ್ಕಟೆ. ಅಲ್ಲಿನ ಮಕ್ಕಳು ನಮ್ಮ ಮಕ್ಕಳ ಥರ ಕಾಣುತ್ತಾರೆ, ಎಣ್ಣೆ ಹಚ್ಚಿ ಜಡೆ ಹಾಕಿಕೊಂಡಿರುತ್ತಾರೆ.

ಕನ್ನಡವೇ_ಉಸಿರು
ಕರ್ನಾಟಕದಲ್ಲಿದ್ದು ಮಗುವಿಗೆ ತೆಲುಗಿನಲ್ಲಿ ಕಥೆ ಯಾಕೆ?

ಬಾಗೇಪಲ್ಲಿ ಬಿಸಿಲು
ಅಣ್ಣಾ, ನಾನು ಇದನ್ನು ಕನ್ನಡದಲ್ಲೇ ಬರೆದಿದ್ದೇನೆ ಅಲ್ವಾ? ಮಗುವನ್ನು ಮಲಗಿಸುವ ಮಾತು ಅಮ್ಮನದು. ಸ್ಕೂಲಿನಲ್ಲಿ ಅವನೂ ಕನ್ನಡ ಕಲಿಯುತ್ತಾನೆ, ಅವಸರ ಏನಿಲ್ಲ.

ನಿರ್ವಾಹಕ
ಭಾಷೆ ಜಗಳಕ್ಕೆ ಬೇರೆ ಎಳೆ ಇದೆ. ಇಲ್ಲಿ ಬೇಡ. ತಟ್ಟೆ ಇಡ್ಲಿಗೂ ಬೇರೆ ಎಳೆ ಇದೆ.

ಪುಟ್ಟಿ ಅಮ್ಮ, ತುಮಕೂರು
@ಟೀಚರಮ್ಮ, ನಿಮ್ಮ ಪ್ರಶ್ನೆ ಓದಿ ಒಂದು ಗಂಟೆ ಉತ್ತರ ಬರೆಯಲು ಆಗಲಿಲ್ಲ. ಹೌದು, ನಾನೂ ಹೇಳಿದ್ದೇನೆ. "ಮೊಬೈಲ್ ಕೊಡು, ಇಲ್ಲಾಂದ್ರೆ ಸ್ಕೂಲಿಗೆ ಹಾಕ್ತೀನಿ" ಅಂತ. ಎಷ್ಟು ಸಲ ಅಂತ ಲೆಕ್ಕ ಇಲ್ಲ. ಇವತ್ತು ರಾತ್ರಿ ಮೊಲದ ಕಥೆ ಅವಳ ಬಾಯಲ್ಲಿ ಹೇಳಿಸುತ್ತೇನೆ.

ಮೊಳಕೆ ಕಾಳು, ಕುಣಿಗಲ್
ನಾನು ನರ್ಸ್. ಎರಡು ಮಾತು. ಅಮ್ಮನನ್ನು ಬಿಟ್ಟಿರಲು ಅಳುವುದು ಎಂಟು ಒಂಬತ್ತು ತಿಂಗಳಿಗೇ ಶುರುವಾಗುವ ಸಹಜ ವಿಷಯ. ಮೂರು ವರ್ಷದ ಹೊತ್ತಿಗೆ ಸಾಮಾನ್ಯವಾಗಿ ಕಮ್ಮಿಯಾಗುತ್ತದೆ, ಹೊಸ ಜಾಗಕ್ಕೆ ಹೋದಾಗ ಮತ್ತೆ ತಲೆ ಎತ್ತುತ್ತದೆ. ಹೊಟ್ಟೆ ನೋವು ನಾಟಕ ಅಂತ ಬೈಯಬೇಡಿ, ಹೆದರಿದ ಮಗುವಿಗೆ ನಿಜವಾಗಿ ಹೊಟ್ಟೆ ನೋಯುತ್ತದೆ. ಆದರೆ ನಾಲ್ಕು ವಾರ ಆದರೂ ಇಳಿಯದಿದ್ದರೆ, ವಾಂತಿ ಮಾಡಿಕೊಳ್ಳುತ್ತಿದ್ದರೆ, ರಾತ್ರಿ ಬೆಚ್ಚಿ ಬೀಳುತ್ತಿದ್ದರೆ ಕಥೆ ನಂಬಿಕೊಂಡು ಕೂರಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು. ಮಗು ಆ ಕಡೆ ನೋಡುತ್ತಿರುವಾಗ ಮೆಲ್ಲಗೆ ತಪ್ಪಿಸಿಕೊಂಡು ಬರುವವರಿದ್ದಾರಲ್ಲ, ಅದನ್ನು ಮಾತ್ರ ಮಾಡಬೇಡಿ. ಟಾಟಾ ಹೇಳಿ, ಅಳಲಿ, ಪರವಾಗಿಲ್ಲ, ಹೇಳಿಯೇ ಬನ್ನಿ. ತಿರುಗಿ ನೋಡಿದಾಗ ಅಮ್ಮ ಮಾಯ ಅಂದರೆ ನಾಳೆಯಿಂದ ಬಚ್ಚಲಿಗೆ ಹೋದರೂ ಹಿಂದೆ ಬರುತ್ತವೆ.

ಕೊಬ್ಬರಿ ಮಿಠಾಯಿ, ತಿಪಟೂರು
ತಪ್ಪಿಸಿಕೊಂಡು ಬಂದವಳು ನಾನೇ. 🙋‍♀️ ಎರಡು ತಿಂಗಳು ಬಚ್ಚಲ ಬಾಗಿಲು ಹಾಕುವಂತಿರಲಿಲ್ಲ. ಆಮೇಲೆ ನನ್ನ ಹಳೆ ಕಾಟನ್ ಸೀರೆಯ ಒಂದು ತುಂಡು ಹರಿದು ಮಗನ ಜೇಬಿಗೆ ಹಾಕಿದೆ. "ಅಮ್ಮನ ಸೆರಗು ಸ್ಕೂಲಿಗೆ ಹೋದ ಕಥೆ" ಅಂತ ದಿನಾ ಒಂದು ಕಂತು. ಸೆರಗು ಇವತ್ತು ಏನು ನೋಡಿತು, ಯಾರು ಅತ್ತರು, ಯಾರು ಯಾರ ಬಳಪ ಕದ್ದರು. ಅವನು ಹೇಳುವುದು, ನಾನು ಹೂಂ ಅನ್ನುವುದು. ಕ್ಲಾಸಿನ ಗುಟ್ಟೆಲ್ಲ ನನಗೆ ಗೊತ್ತಾಗುತ್ತಿತ್ತು. ಒಗೆದರೆ ವಾಸನೆ ಹೋಗುತ್ತದೆ ಅಂತ ಆ ತುಂಡು ಒಗೆಯಲು ಬಿಡುತ್ತಿರಲಿಲ್ಲ, ಕೊನೆಕೊನೆಗೆ ಅದನ್ನು ನೋಡಲೂ ಆಗುತ್ತಿರಲಿಲ್ಲ.

ದ್ರಾಕ್ಷಿ ತೋಟ, ಚಿಕ್ಕಬಳ್ಳಾಪುರ
ನಮ್ಮಮ್ಮ ಹೇಳುತ್ತಿದ್ದ ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ಸ್ವಲ್ಪ ತಿರುಗಿಸಿ ಹೇಳಿದೆ ನಾನು. ಮಳೆ ಬಂದು ಕಾಗಕ್ಕನ ಸಗಣಿ ಮನೆ ಕೊಚ್ಚಿ ಹೋಯಿತು. ಗುಬ್ಬಕ್ಕ ಬಾಗಿಲು ತೆಗೆಯಲು ತಡ ಮಾಡುವ ಬದಲು, ಕಾಗೆ ಮರಿ ಗುಬ್ಬಿ ಮನೆಯಲ್ಲಿ ಹಗಲೆಲ್ಲ ಆಡಿಕೊಂಡಿತ್ತು, ಸಂಜೆ ಕಾಗಕ್ಕ ಹೊಸ ಮನೆ ಕಟ್ಟಿ ಬಂದು ಕರೆದುಕೊಂಡು ಹೋಯಿತು. ನಮ್ಮಮ್ಮ ಅಡುಗೆಮನೆಯಿಂದಲೇ ಕೂಗಿದರು: "ಕಥೆ ಹಾಳು ಮಾಡಬೇಡ್ವೇ!"

ಕಲ್ಲುಕುಟಿಗ, ಗೂಳೂರು
ಇದಕ್ಕೆ ಪಿನಾಕಿನಿ ಮೇಡಂ ಏನನ್ನುತ್ತಾರೆ ಅಂತ ಕಾಯುತ್ತಿದ್ದೇನೆ.

ಪಿನಾಕಿನಿ, ಗೌರಿಬಿದನೂರು
ಇದು ಪಾಸು. 😊

ಪುಟ್ಟಿ ಅಮ್ಮ, ತುಮಕೂರು
ಹನ್ನೊಂದು ದಿನ ಬಿಟ್ಟು ಬರೆಯುತ್ತಿದ್ದೇನೆ. ತುಂಬಾ ಜನ ಒಳಪೆಟ್ಟಿಗೆಗೆ ಬಂದು ಏನಾಯಿತು ಅಂತ ಕೇಳಿದರು.

ಅವತ್ತು ರಾತ್ರಿ ಪುಟ್ಟಿ ಬಾಯಲ್ಲಿ ಮೊಲದ ಕಥೆ ಹೇಳಿಸಿದೆ. ಮೊಲ ಎದ್ದಿತು, ಹಲ್ಲುಜ್ಜಿತು, ದೋಸೆ ತಿಂದಿತು (ಪುಸ್ತಕದಲ್ಲಿ ಕ್ಯಾರೆಟ್, ಇವಳದು ದೋಸೆ), ಬ್ಯಾಗ್ ಹಾಕಿಕೊಂಡಿತು, ಹೋಯಿತು. ಆಮೇಲೆ ನಿಂತುಬಿಟ್ಟಳು. ಆಮೇಲೇನಾಯ್ತು ಅಂದೆ. ಮಾತಿಲ್ಲ. ಎರಡೂ ಕೈ ಅಗಲ ಮಾಡಿ ಜೋರಾಗಿ ತಟ್ಟಿದಳು. "ಢಣ್! ಬಾಗ್ಲು ಹಾಕ್ಬಿಟ್ರು."

ಗೇಟು. ಅವರ ಸ್ಕೂಲಿನ ಗೇಟು ದೊಡ್ಡ ಕಬ್ಬಿಣದ್ದು. ಎಲ್ಲಾ ಮಕ್ಕಳು ಬಂದ ಮೇಲೆ ಆಯಾ ಅದನ್ನು ಎಳೆದು ಚಿಲಕ ಹಾಕಿ ಬೀಗ ಹಾಕುತ್ತಾರೆ. ಬೀಗ ಹಾಕಲೇಬೇಕು, ಹೊರಗೆ ರಸ್ತೆ ಇದೆ. ಆದರೆ ನಮ್ಮ ಅತ್ತೆ ಮಾರ್ಚ್‌ನಿಂದ ಹೇಳುತ್ತಿದ್ದ ಮಾತು ಏನು ಗೊತ್ತಾ? "ತುಂಟತನ ಮಾಡಿದ್ರೆ ಗೇಟ್ ಹಾಕಿ ಒಳಗೇ ಇಟ್ಕೋತಾರೆ." ಅವರು ಸುಮ್ನೆ ತಮಾಷೆಗೆ ಹೇಳಿದ್ದು. ಇವಳು ಎರಡನೇ ದಿನ ಆ ಢಣ್ ಕೇಳಿದಳು. ನಾವು ಇಷ್ಟು ದಿನ ಮೊಲ, ಕರಡಿ, ಫ್ರೆಂಡ್ಸ್ ಅಂತ ಹೇಳುತ್ತಾ ಕೂತಿದ್ದೆವು. ಇವಳಿಗೆ ಫ್ರೆಂಡ್ಸ್ ಚಿಂತೆ ಇರಲೇ ಇಲ್ಲ.

ಹೊಸ ಕಥೆ ಮಾಡಿದೆ. ಗೇಟಿಗೂ ಒಂದು ಹೆಸರಿಟ್ಟೆವು, ಢಣ್ಣಪ್ಪ. ಢಣ್ಣಪ್ಪನಿಗೆ ರಾತ್ರಿಯೆಲ್ಲ ಒಬ್ಬನೇ ನಿಂತು ನಿಂತು ಬೇಜಾರು, ಬೆಳಿಗ್ಗೆ ಮಕ್ಕಳು ಬಂದ ಖುಷಿಗೆ ಢಣ್ ಅಂತಾನೆ, ಮಧ್ಯಾಹ್ನ ಅಮ್ಮಂದಿರು ಬಂದಾಗ ಕಿರ್ ಅಂತಾನೆ. ಮಾರನೇ ದಿನ ಆಯಾ ಹತ್ತಿರ ಕೇಳಿಕೊಂಡೆ. ಪುಣ್ಯಾತ್ಗಿತ್ತಿ ಒಪ್ಪಿದರು. ಈಗ ದಿನಾ ಬೆಳಿಗ್ಗೆ ಅವರ ಕೈ ಹಿಡಿದುಕೊಂಡು ಗೇಟು ಎಳೆಯುವುದು ಪುಟ್ಟಿಯೇ. ಬೀಗ ಮಾತ್ರ ಅವರು ಹಾಕುತ್ತಾರೆ. ಮೊದಲ ಮೂರು ದಿನ ಅಳುತ್ತಲೇ ಎಳೆದಳು. ಅಳು ಪೂರ್ತಿ ಹೋಗಿಲ್ಲ, ಸೋಮವಾರ ಈಗಲೂ ಇದೆ.

ಅತ್ತೆಗೆ ಹೇಳಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಾನೂ ಮೊಬೈಲ್ ವಿಷಯಕ್ಕೆ ಅದೇ ಮಾತು ಹೇಳಿದ್ದೆನಲ್ಲ, ಅದನ್ನೇ ಮೊದಲು ಹೇಳಿ ಆಮೇಲೆ ಇದನ್ನು ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಸಾಯಂಕಾಲ ನೋಡಿದರೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಢಣ್ಣಪ್ಪನ ಮದುವೆ ಕಥೆ ಹೇಳುತ್ತಿದ್ದಾರೆ. ಹೆಣ್ಣು ಪಕ್ಕದ ಬೀದಿಯ ಶಟರ್ ಅಂತೆ.

ಟೀಚರಮ್ಮ, ಮಧುಗಿರಿ
ಓದಿ ಖುಷಿಯಾಯಿತು ತಾಯಿ. ನನ್ನ ಇಲಿಯನ್ನೂ ಮದುವೆಗೆ ಕರೆಯಿರಿ.

ಮುಂಗಾರು ರಾಗಿ, ಶಿರಾ
ನಾನು ಒಪ್ಪಿಕೊಳ್ಳುವುದಿಲ್ಲ ಅಂತ ಬರೆಯೋಣ ಅಂತ ಬಂದೆ. ಮೊಮ್ಮಗ ಬರುವ ವರ್ಷ ಸೇರುತ್ತಾನೆ. ಆ ಕಾಲುಚೀಲದ ಇಲಿ ಮಾಡುವುದು ಹೇಗೆ ಅಂತ ಯಾರಾದರೂ ಹೇಳಿ.

ರೈಲ್ವೆ ಗೇಟ್ ಅಪ್ಪ, ಕ್ಯಾತ್ಸಂದ್ರ
ನಿಮ್ಮದೂ ಗೇಟು, ನಮ್ಮದೂ ಗೇಟು! ಪುಟ್ಟಿ ಅಪ್ಪ ಏನಾದರೂ ಕಥೆ ಹೇಳಿದರಾ?

ಪುಟ್ಟಿ ಅಮ್ಮ, ತುಮಕೂರು
ಹೇಳಿದರು. ಢಣ್ಣಪ್ಪ ವಿಕೆಟ್ ಕೀಪರ್ ಆದ ಕಥೆ. ನಿನ್ನೆ ಅವರೇ ಬಿಡಲು ಹೋಗಿ ಐದು ನಿಮಿಷ ಲೇಟಾಯಿತು. ಪುಟ್ಟಿ ತಾನು ಒಳಗೆ ಹೋಗಿ ಗೇಟು ಎಳೆದುಕೊಂಡು, ಡಬ್ಬಿ ಕೊಡಲು ನಿಂತಿದ್ದ ಅಪ್ಪನಿಗೆ "ನಾಳೆ ಬೇಗ ಬಾ" ಅಂದಳಂತೆ.

ಹುಣಸೆಹಣ್ಣು
ಡಬ್ಬಿ?

ಪುಟ್ಟಿ ಅಮ್ಮ, ತುಮಕೂರು
ಗೇಟಿನ ಸಂದಿಯಿಂದ ತೂರಿಸಿದರು.